ಕೌದಿಗೆ ನಾಲ್ಕು ಬಟ್ಟೆಯ ಅಂಚು: ಲೆಕ್ಕ ತಪ್ಪಿದ್ದು ಮೊದಲ ಒಗೆತಕ್ಕೇ ಗೊತ್ತಾಗುತ್ತದೆ

ಸಂಪಾದಕರಿಗೆ,

ಮಾನ್ಯರೇ,

ಹಳೆ ಸೀರೆಗಳ ಪದರ ಸೇರಿಸಿ ಕೌದಿ (ಹೊದಿಕೆ) ಹೊಲಿಯುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆವು. ಪದರ ಹಾಸುವುದು, ಕಚ್ಚಾ ಹೊಲಿಗೆ ಹಾಕುವುದು, ಸಾಲು ಹೊಲಿಗೆ ಹಿಡಿಯುವುದು ಎಲ್ಲವನ್ನೂ ಬಿಡಿಸಿ ಹೇಳಿದ್ದಾರೆ. ಆದರೆ ಅಂಚಿನ, ಅಂದರೆ ಪದರಗಳ ತುದಿ ಮುಚ್ಚಲು ಸುತ್ತಲೂ ಹೊಲಿಯುವ ಪಟ್ಟಿಯ, ಹತ್ತಿರ ಬಂದಾಗ, ಉಳಿದ ಚೂರುಪಾರು ಬಟ್ಟೆಗಳನ್ನೆಲ್ಲ ಜೋಡಿಸಿ ಕೌದಿಯ ಸುತ್ತಳತೆಯಷ್ಟು ಪಟ್ಟಿ ಮಾಡಿಕೊಂಡು ಹೊಲಿದುಬಿಡಿ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಾರೆ. ಕೌದಿ ಕೆಲಸದಲ್ಲಿ ಹೆಚ್ಚು ಲೆಕ್ಕ ಕೇಳುವ ಜಾಗ ಅದೇ. ಬರಹದಲ್ಲಿ ಹೇಳಿದಂತೆ ಮಾಡಿದವರಿಗೆ ಕೊನೆಯ ಬದಿಯಲ್ಲಿ ಪಟ್ಟಿ ಮೊಳದಷ್ಟು ಸಾಲದೆ ಬರುತ್ತದೆ. ಹೇಗೋ ಮುಗಿಸಿದರೂ ಮೊದಲ ಒಗೆತಕ್ಕೆ ಅಂಚು ಸೊಟ್ಟಗಾಗುತ್ತದೆ. ಆಮೇಲೆ, ಬೇರೆ ಬೇರೆ ಬಟ್ಟೆ ಸೇರಿಸಿದ್ದೇ ತಪ್ಪು, ಒಂದೇ ಬಟ್ಟೆ ತರಬೇಕಿತ್ತು ಅನ್ನುತ್ತಾರೆ. ಬಟ್ಟೆ ಬೇರೆಯಾದರೆ ಏನೂ ಆಗುವುದಿಲ್ಲ, ಹದ, ಅಂದರೆ ದಪ್ಪ, ಕುಗ್ಗುವುದು, ಹಿಗ್ಗುವುದು, ಬೇರೆಯಾಗಬಾರದು ಅಷ್ಟೆ. ಆ ಹದ ಹೇಗೆ ತರುವುದು ಎಂದು ಬರೆಯಲು ಈ ಪತ್ರ. ಉದ್ದವಾಗಿದೆ, ಕ್ಷಮಿಸಿ.

ಮೊದಲು ಉದ್ದದ ಲೆಕ್ಕ. ಐದಡಿಗೆ ಏಳೂವರೆ ಅಡಿ ಕೌದಿ ಎಂದಿಟ್ಟುಕೊಳ್ಳಿ, ಅಂದರೆ 60 ಇಂಚಿಗೆ 90 ಇಂಚು. ಸುತ್ತಳತೆ 300 ಇಂಚು. ಮೂಲೆಗಳ ಮಡಿಕೆಗೂ ಕೊನೆಯ ಕೂಡಿಕೆಗೂ 12 ಇಂಚು ಸೇರಿಸಿದರೆ 312. ಪಟ್ಟಿಯ ಅಗಲ ಎರಡೂವರೆ ಇಂಚು. ತುಂಡುಗಳನ್ನು ಓರೆಯಾಗಿ, ಅಂದರೆ ಮೂಲೆಯಿಂದ ಮೂಲೆಗೆ ಹೊಲಿದು, ಕೂಡಿಸಿದರೆ ಒಂದೊಂದು ಕೂಡಿಕೆಯೂ ಪಟ್ಟಿಯ ಅಗಲದಷ್ಟು ಉದ್ದವನ್ನು, ಅಂದರೆ ಎರಡೂವರೆ ಇಂಚನ್ನು ನುಂಗುತ್ತದೆ. ನೇರವಾಗಿ ಕೂಡಿಸಿದರೆ ಆ ಕಡೆ ಕಾಲು, ಈ ಕಡೆ ಕಾಲು ಸೇರಿ ಅರ್ಧ ಇಂಚು. 18 ಇಂಚಿನ ತುಂಡುಗಳಿದ್ದರೆ, ಓರೆ ಕೂಡಿಕೆಯಲ್ಲಿ ಒಂದೊಂದರಿಂದ ಕೈಗೆ ಸಿಗುವುದು ಹದಿನೈದೂವರೆ ಇಂಚು. 312 ಇಂಚಿಗೆ 21 ತುಂಡು ಬೇಕು. ನೇರ ಕೂಡಿಕೆಗೆ 18 ಸಾಕು. ಒಂದೇ ಹೊಸ ಬಟ್ಟೆ ತಂದರೆ ಏಳೆಂಟು ಕೂಡಿಕೆಯಲ್ಲಿ 20 ಇಂಚು ಹೋಗುತ್ತದೆ, ಚೂರು ಬಟ್ಟೆಯಲ್ಲಿ 50 ಇಂಚು ಹೋಗುತ್ತದೆ. ಒಂಬತ್ತು ಇಂಚಿನ ತುಂಡುಗಳನ್ನು ಓರೆಯಾಗಿ ಕೂಡಿಸಲು ಹೊರಟರೆ 48 ತುಂಡು ಬೇಕು, ಕಾಲು ಭಾಗಕ್ಕಿಂತ ಹೆಚ್ಚು ಬಟ್ಟೆ ಕೂಡಿಕೆಗೇ ಹೋಯಿತು! ನಮ್ಮ ಮಾತು ಕೇಳುವುದಾದರೆ ಹನ್ನೆರಡು ಇಂಚಿಗಿಂತ ಚಿಕ್ಕ ತುಂಡನ್ನು ಅಂಚಿಗೆ ಹಾಕಬೇಡಿ. ಅದು ಕೌದಿಯ ಒಡಲಿಗೆ ಇರಲಿ.

ಅಂಗಡಿಯಿಂದ ತರುವವರಿಗೆ ಲೆಕ್ಕ ಇನ್ನೂ ಸುಲಭ. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಎರಡೂ ಬದಿಯ ದಡಿ, ಅಂದರೆ ನೇಯ್ಗೆಯ ಗಟ್ಟಿ ಅಂಚು, ಕಳೆದರೆ 42 ಇಂಚಿನ ಪಟ್ಟಿ ಸಿಗುತ್ತದೆ. ಎಂಟು ಪಟ್ಟಿ ಬೇಕು. ನಾಲ್ಕು ಬಣ್ಣವಾದರೆ ಬಣ್ಣಕ್ಕೆ ಎರಡು ಪಟ್ಟಿ, ಅಂದರೆ ಐದಿಂಚು ಬಟ್ಟೆ. ಕಾಲು ಮೀಟರ್‌ನಂತೆ ನಾಲ್ಕು ಬಣ್ಣ ತಂದರೆ ಕತ್ತರಿಸುವಾಗ ಕೈತಪ್ಪಿದರೂ ಚಿಂತೆಯಿಲ್ಲ, ಮುಂದೆ ರಿಪೇರಿಗೂ ಉಳಿಯುತ್ತದೆ.

ಪಟ್ಟಿಯ ಅಗಲ ಎಲ್ಲ ಕೌದಿಗೂ ಒಂದೇ ಅಲ್ಲ. ನಾಲ್ಕು ಪದರ ಹತ್ತಿ ಸೀರೆಯ ಕೌದಿಗೆ ಮುಂದೆ ಕಾಣುವ ಅಂಚು ಇಂಚಿನ ಎಂಟರಲ್ಲಿ ಮೂರು ಪಾಲು ಇದ್ದರೆ ಚೆನ್ನ, ಬಡಗಿಗಳ ಲೆಕ್ಕದಲ್ಲಿ ಮೂರು ನೂಲು. ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಹೊಲಿಯುವುದರಿಂದ ಈ ಅಳತೆ ಆರು ಸಲ ಬೇಕಾಗುತ್ತದೆ: ಮುಂದೆ ಒಂದು, ಹಿಂದೆ ಒಂದು, ಹೊಲಿಗೆಯ ಒಳಗೆ ಹೋಗುವುದು ಒಂದು, ಇದರ ಎರಡರಷ್ಟು. ಅಂದರೆ ಎರಡೂಕಾಲು ಇಂಚು. ಕೌದಿಯ ದಪ್ಪ ಸುತ್ತಿಕೊಂಡು ಬರಲು ಕಾಲಿಂಚು ಸೇರಿಸಿ, ಎರಡೂವರೆ. ಆರು ಪದರ ಹಾಕಿದ್ದರೆ, ಇಲ್ಲವೇ ನಡುವೆ ಹಳೆ ರಗ್ಗು ಸೇರಿಸಿದ್ದರೆ, ಕಾಣುವ ಅಂಚನ್ನು ಅರ್ಧ ಇಂಚು ಹಿಡಿಯಿರಿ. ಆಗ ಪಟ್ಟಿ ಮೂರೂಕಾಲು ಇಂಚು ಬೇಕು. ದಪ್ಪ ಕೌದಿಗೆ ಎರಡೂವರೆ ಇಂಚಿನ ಪಟ್ಟಿ ಹಾಕಿ ಹಿಂದಕ್ಕೆ ಎಳೆದು ಎಳೆದು ಹೊಲಿದವರ ಅಂಚು ಒಳಕ್ಕೆ ಸುರುಳಿ ಸುತ್ತಿಕೊಳ್ಳುವುದು ಇದರಿಂದಲೇ.

ಇನ್ನು ಬಟ್ಟೆ ಆರಿಸುವ ಮಾತು. ಕೌದಿಯ ಒಡಲಿಗೆ ಎಷ್ಟು ಹಳೆಯದಾದರೂ ನಡೆಯುತ್ತದೆ, ಹಳೆಯದಾದಷ್ಟೂ ಮೆತ್ತಗೆ. ಅಂಚಿಗೆ ಹಾಗಲ್ಲ. ಎಳೆಯುವುದು, ಮಡಚುವುದು, ಒಗೆಯುವ ಕಲ್ಲಿಗೆ ಬಡಿಯುವುದು ಎಲ್ಲ ಮೊದಲು ತಾಗುವುದು ಅದಕ್ಕೇ. ಬಟ್ಟೆಯನ್ನು ಎರಡೂ ಹೆಬ್ಬೆರಳ ನಡುವೆ ಹಿಡಿದು ಜೋರಾಗಿ ಎಳೆದು ನೋಡಿ. ಚರಕ್ ಎಂದರೆ ಅಂಚಿಗೆ ಆಗದು. ಹಳೆ ಸೀರೆಯಲ್ಲಿ ಫಾಲ್ ಹಾಕಿದ್ದ ಕೆಳ ಅಂಚಿನ ಕಡೆ ಸವೆದಿರುತ್ತದೆ, ಸೊಂಟಕ್ಕೆ ಸಿಕ್ಕಿಸುವ ಒಳತುದಿಯ ಕಡೆ ಗಟ್ಟಿ ಬಟ್ಟೆ ಸಿಗುತ್ತದೆ. ಪಂಚೆ, ಕಾಟನ್ ಲುಂಗಿ, ಪಾಪ್ಲಿನ್, ಕೇಂಬ್ರಿಕ್, ರವಿಕೆ ಹೊಲಿದು ಉಳಿದ ಟೂ ಬೈ ಟೂ, ಇವುಗಳನ್ನು ಒಂದರ ಪಕ್ಕ ಒಂದು ಧೈರ್ಯವಾಗಿ ಹಾಕಬಹುದು. ಜೀನ್ಸ್ ಬೇಡ. ರೇಷ್ಮೆ ಬೇಡ, ಸೋಪಿನ ಪುಡಿಗೆ ಅದು ಬಾಳುವುದಿಲ್ಲ.

ಹಾಸನದ ಸುತ್ತ ಗಾರ್ಮೆಂಟ್ಸ್ ಬಂದ ಮೇಲೆ ಕೆ.ಜಿ. ಲೆಕ್ಕದಲ್ಲಿ ತುಂಡು ಬಟ್ಟೆ ಸಿಗುವುದು ಸುಲಭವಾಗಿದೆ, ಒಳ್ಳೆಯದೇ. ಆದರೆ ಆ ಮೂಟೆಯಲ್ಲಿ ಹತ್ತಿ, ಪಾಲಿಯೆಸ್ಟರ್, ಬನಿಯನ್ ಬಟ್ಟೆ, ಲೈಕ್ರಾ ಎಲ್ಲ ಕಲೆತಿರುತ್ತದೆ. ಅಂಚಿನಿಂದ ಒಂದೆಳೆ ದಾರ ಕಿತ್ತು ಕಡ್ಡಿ ಗೀರಿ ನೋಡಿ: ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ, ಕರಗಿ ಗಟ್ಟಿ ಮಣಿಯಂತೆ ಉಂಡೆಗಟ್ಟಿದರೆ ಪಾಲಿಯೆಸ್ಟರ್, ಎರಡೂ ಆದರೆ ಮಿಶ್ರ. ಎಳೆದರೆ ರಬ್ಬರಿನಂತೆ ಹಿಗ್ಗುವ ಯಾವುದನ್ನೂ ಅಂಚಿಗೆ ಮುಟ್ಟಬೇಡಿ. ಪಾಲಿಯೆಸ್ಟರ್ ಹಾಕಲೇಬೇಕು ಎಂದಿದ್ದರೆ ಪೂರ್ತಿ ಅಂಚು ಅದರಲ್ಲೇ ಇರಲಿ. ಹತ್ತಿಯ ನಡುವೆ ಒಂದೊಂದು ತುಂಡು ಪಾಲಿಯೆಸ್ಟರ್ ಸೇರಿಸಿದರೆ, ಹತ್ತಿಗೆ ಬೇಕಾದಷ್ಟು ಇಸ್ತ್ರಿ ಕಾಯಿಸಿದಾಗ ಅದು ಸುಟ್ಟು ಮುದುಡುತ್ತದೆ.

ಕುಗ್ಗುವ ವಿಷಯದಲ್ಲಿ ಯಾರ ಮಾತನ್ನೂ ನಂಬದೆ ಅಳೆದೇ ನೋಡಬೇಕು. ಅಂಗಡಿಯವರು ಕುಗ್ಗಲ್ಲಮ್ಮಾ ಎಂದರೂ ಸರಿ, ಹತ್ತಿಂಚು ಚೌಕದ ಒಂದು ತುಂಡನ್ನು ಬಿಸಿನೀರಲ್ಲಿ ಒಗೆದು ಒಣಗಿಸಿ ಮತ್ತೆ ಟೇಪು ಹಿಡಿಯಿರಿ. ಹತ್ತು ಇಂಚು ಒಂಬತ್ತೂವರೆ ಆಗಿದ್ದರೆ ನೂರಕ್ಕೆ ಐದು ಕುಗ್ಗಿತು ಎಂದರ್ಥ. ಹಾಗೆಯೇ ಹೊಲಿದಿದ್ದರೆ 18 ಇಂಚಿನ ಆ ತುಂಡು ಕೌದಿಯ ಮೇಲೆ ಹತ್ತಿರ ಹತ್ತಿರ ಒಂದು ಇಂಚು ಕುಗ್ಗಿ, ತನ್ನ ಕೆಳಗಿನ ಕೌದಿಯನ್ನು ನಿರಿಗೆಯಂತೆ ಹಿಡಿದೆಳೆಯುತ್ತಿತ್ತು. ಪಕ್ಕದ ಹಳೆ ಪಂಚೆಯ ತುಂಡು ಎಂದೋ ಕುಗ್ಗಿ ಮುಗಿದಿರುವುದರಿಂದ ಅಲ್ಲಾಡುವುದಿಲ್ಲ. ಒಂದೇ ಬದಿಯಲ್ಲಿ ಒಂದು ಗೇಣು ಸುಕ್ಕು, ಒಂದು ಗೇಣು ನೆಟ್ಟಗೆ ಕಾಣುವ ಕೌದಿಗಳ ಕಥೆ ಇದು. ಹಾಗಾಗಿ ಹೊಸದು ಹಳೆಯದು ಎನ್ನದೆ ಎಲ್ಲವನ್ನೂ ಒಟ್ಟಿಗೆ ಬಿಸಿನೀರಲ್ಲಿ ನೆನೆಹಾಕಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಹಿಡಿಯಬೇಕು. ಒಟ್ಟಿಗೆ ಎಂದೆವು, ಆದರೆ ಬಣ್ಣ ಬಿಡುವುದು ಯಾವುದು ಎಂದು ಮೊದಲೇ ಬೇರೆ ಮಾಡಿದ ಮೇಲೆ.

ಕೆಂಪು, ಮೆರೂನ್, ಕಡುನೀಲಿ, ಕಪ್ಪು ಇವು ನಾಲ್ಕೂ ಅನುಮಾನದ ಬಣ್ಣಗಳು. ಲೋಟದಲ್ಲಿ ಉಗುರುಬೆಚ್ಚಗಿನ ನೀರಿಗೆ ಒಂದು ಚಿಟಿಕೆ ಸೋಪಿನ ಪುಡಿ ಹಾಕಿ, ಬಟ್ಟೆಯ ತುಂಡನ್ನೂ ಒಂದು ಬಿಳಿ ಚೂರನ್ನೂ ಒಟ್ಟಿಗೆ ಅರ್ಧ ಗಂಟೆ ಬಿಡಿ. ನೀರು ಸ್ವಲ್ಪ ಬಣ್ಣವಾದರೆ ಪರವಾಗಿಲ್ಲ, ಬಿಳಿ ಚೂರು ಬಣ್ಣವಾದರೆ ಆ ಬಟ್ಟೆ ಬೇಡ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ಕಚ್ಚಿಕೊಳ್ಳುತ್ತದೆ ಎಂಬ ಮಾತು ಮನೆ ಮನೆಯಲ್ಲೂ ಇದೆ. ಬಣ್ಣ ಹಾಕುವ ತೊಟ್ಟಿಯಲ್ಲಿ ಉಪ್ಪಿಗೆ ಕೆಲಸವಿದೆ ನಿಜ, ಆದರೆ ಹೊಲಿಗೆ ಮೇಜಿಗೆ ಬಂದ ಬಟ್ಟೆಯಿಂದ ಹೊರಬರುವ ಹೆಚ್ಚುವರಿ ಬಣ್ಣವನ್ನು ಅದು ಹಿಡಿದಿಡುವುದಿಲ್ಲ. ಮಲೆನಾಡಿನವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕಡೂರು, ಅರಸೀಕೆರೆ ಬಿಸಿಲಲ್ಲಿ ಕೌದಿ ಅರ್ಧ ದಿನದಲ್ಲಿ ಒಣಗುತ್ತದೆ, ಬಣ್ಣ ಹರಡಲು ಸಮಯವೇ ಸಿಗುವುದಿಲ್ಲ. ಮೂಡಿಗೆರೆ, ಶೃಂಗೇರಿ, ಸಕಲೇಶಪುರದ ಆಷಾಢದಲ್ಲಿ ಅದೇ ಕೌದಿ ಮೂರು ದಿನ ಹಸಿಯಾಗಿ ನೇತಾಡುತ್ತದೆ. ಅಂಚು ಎಲ್ಲಕ್ಕಿಂತ ದಪ್ಪವಾದ್ದರಿಂದ ಕೊನೆಗೆ ಒಣಗುತ್ತದೆ. ಅಷ್ಟೂ ಹೊತ್ತು ಕೆಂಪು ಪಟ್ಟಿ ಪಕ್ಕದ ಬಿಳಿ ಸೀರೆಗೆ ಇಳಿಯುತ್ತಲೇ ಇರುತ್ತದೆ. ಇಳಿದದ್ದು ಕಂಡ ಕೂಡಲೇ ಒಣಗಲು ಬಿಡಬೇಡಿ. ದೊಡ್ಡ ಹಂಡೆಯಲ್ಲಿ ಸೋಪು ಕದಡಿದ ಬಿಸಿನೀರಿಗೆ ಇಡೀ ಕೌದಿಯನ್ನು ಮುಳುಗಿಸಿ ರಾತ್ರಿಯೆಲ್ಲ ಇಟ್ಟು ಜಾಲಿಸಿ. ನೀರು ಹೆಚ್ಚಿದ್ದಷ್ಟೂ ಒಳ್ಳೆಯದು. ಒಮ್ಮೆ ಒಣಗಿ ಇಸ್ತ್ರಿ ತಾಗಿದ ಕಲೆಗೆ ಇದೂ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ದಪ್ಪ ಸರಿದೂಗಿಸಲು ಒಂದು ಕೈಲೆಕ್ಕವಿದೆ. ಒಂದೊಂದು ಬಟ್ಟೆಯನ್ನೂ ಎಂಟು ಮಡಿಕೆ ಹಾಕಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಹಿಡಿಯಿರಿ. ಒಂದೇ ಪದರದಲ್ಲಿ ತಿಳಿಯದ ವ್ಯತ್ಯಾಸ ಎಂಟರಲ್ಲಿ ತಿಳಿಯುತ್ತದೆ. ದಪ್ಪ ಖಾದಿ, ಅದರ ಪಕ್ಕ ತೆಳು ಮಲ್ (ಮಲ್‌ಮಲ್ ಹತ್ತಿ ಬಟ್ಟೆ) ಬಂದರೆ, ಒಂದೇ ಎರಡೂವರೆ ಇಂಚಿನ ಪಟ್ಟಿಯಾದರೂ ಖಾದಿ ಮಡಿಕೆಯಲ್ಲೇ ಹೆಚ್ಚು ಉಂಡು ಹಿಂದೆ ಗಿಡ್ಡವಾಗುತ್ತದೆ, ಮಲ್ ಉದ್ದವಾಗಿ ಉಳಿಯುತ್ತದೆ. ಹಿಂಬದಿಯ ಹೊಲಿಗೆ ಗೆರೆ ಹಾವು ಹರಿದಂತೆ ಕಾಣುವುದು ಆಗಲೇ. ಮಲ್ ಬಿಡಲು ಮನಸ್ಸಿಲ್ಲದಿದ್ದರೆ ಅದರ ಕೆಳಗೆ ಇನ್ನೊಂದು ಪದರ ಬಿಳಿ ಮಲ್ ಲೈನಿಂಗ್ ಇಟ್ಟು, ಕಚ್ಚಾ ಹೊಲಿಗೆ ಹಾಕಿ, ಎರಡನ್ನೂ ಒಂದೇ ಬಟ್ಟೆ ಎಂದು ತಿಳಿದು ಕತ್ತರಿಸಿ.

ಕತ್ತರಿಸುವ ದಿಕ್ಕನ್ನು ಅನೇಕರು ನೋಡುವುದೇ ಇಲ್ಲ. ಹಾಸು ನೂಲಿನ (ಬಟ್ಟೆಯ ಉದ್ದದ ನೂಲು) ಉದ್ದಕ್ಕೆ ಬಟ್ಟೆ ಬಹಳ ಕಡಿಮೆ ಹಿಗ್ಗುತ್ತದೆ, ಹೊಕ್ಕಿನ (ಅಡ್ಡ ನೂಲು) ಕಡೆ ತುಸು ಹೆಚ್ಚು, ಓರೆಗೆ ಎಲ್ಲಕ್ಕಿಂತ ಹೆಚ್ಚು. ದಡಿಗೆ ಸಮನಾಗಿ ಹೋಗುವುದು ಹಾಸು. ದಡಿ ಇಲ್ಲದ ತುಂಡಾದರೆ ಎರಡೂ ದಿಕ್ಕಿಗೆ ಎಳೆದು ನೋಡಿ, ಕಡಿಮೆ ಹಿಗ್ಗುವ ದಿಕ್ಕು ಹಾಸು. ಒಂದು ತುಂಡನ್ನು ಹಾಸಿನ ಉದ್ದಕ್ಕೆ, ಪಕ್ಕದ್ದನ್ನು ಓರೆಗೆ ಕತ್ತರಿಸಿ ಕೂಡಿಸಿದರೆ, ಮೆಷಿನ್ನಿನ ಕೆಳಗೆ ಓರೆಯ ತುಂಡು ಮಾತ್ರ ಉದ್ದವಾಗುತ್ತಾ ಹೋಗಿ ಅಂಚು ಅಲೆಅಲೆಯಾಗುತ್ತದೆ. ಆದ್ದರಿಂದ ಎಲ್ಲವೂ ಹಾಸಿನ ಉದ್ದಕ್ಕೆ, ಇಲ್ಲವೇ ಎಲ್ಲವೂ ಹೊಕ್ಕಿನ ಉದ್ದಕ್ಕೆ, ಇಲ್ಲವೇ ಎಲ್ಲವೂ ಕ್ರಾಸ್ ಪಟ್ಟಿ, ಅಂದರೆ ಓರೆಗೆ ಕತ್ತರಿಸಿದ ಪಟ್ಟಿ. ಮೂಲೆ ದುಂಡಗಿದ್ದರೆ ಕ್ರಾಸ್ ಪಟ್ಟಿಯೇ ಬೇಕು, ನೇರ ಪಟ್ಟಿ ದುಂಡಿಗೆ ಕೂರದು. ಬಾಳಿಕೆಯಲ್ಲೂ ಕ್ರಾಸ್ ಪಟ್ಟಿ ಒಂದು ಕೈ ಮೇಲು. ನೇರ ಪಟ್ಟಿಯಲ್ಲಿ ಮಡಿಕೆಯ ತುದಿಯುದ್ದಕ್ಕೂ ಒಂದೆರಡೇ ನೂಲು ಸವೆತವನ್ನೆಲ್ಲ ಹೊರುತ್ತವೆ, ಅವು ಕಡಿದರೆ ಸೀಳು ಉದ್ದಕ್ಕೆ ಓಡುತ್ತದೆ. ಕ್ರಾಸ್‌ನಲ್ಲಿ ಆ ಭಾರ ಸಾವಿರ ನೂಲಿಗೆ ಹಂಚಿಹೋಗುತ್ತದೆ. ಆದರೆ ಬಟ್ಟೆ ಹೆಚ್ಚು ಬೇಕು, ಹೊಸ ಕೈಗೆ ಹಿಡಿತಕ್ಕೂ ಸಿಗದು. ಗಟ್ಟಿ ಅಕ್ಕಿ ಗಂಜಿ ಹಾಕಿ ಒಣಗಿಸಿ ಇಸ್ತ್ರಿ ಮಾಡಿದ ಮೇಲೆ ಕತ್ತರಿಸಿದರೆ ಮಲ್ ಕೂಡ ಕಾಗದದಂತೆ ನಿಲ್ಲುತ್ತದೆ. ಹೊಲಿದು ಮುಗಿದ ಮೇಲೆ ಗಂಜಿಯನ್ನು ಪೂರ್ತಿ ಒಗೆದು ತೆಗೆಯುವುದನ್ನು ಮಾತ್ರ ಮರೆಯಬಾರದು. ಮಳೆಗಾಲಕ್ಕೆ ಗಂಜಿ ಉಳಿದ ಅಂಚು ಬೂಷ್ಟಿಗೂ ಹುಳಕ್ಕೂ ಹಬ್ಬ.

ಓರೆ ಕೂಡಿಕೆ ಹೀಗೆ: ಒಂದು ಪಟ್ಟಿಯನ್ನು ಬಲಮುಖ (ಹೊರಗೆ ಕಾಣಬೇಕಾದ ಮುಖ) ಮೇಲಾಗಿ ಅಡ್ಡಲಾಗಿ ಇಡಿ. ಇನ್ನೊಂದನ್ನು ಬಲಮುಖ ಕೆಳಗಾಗಿ ಅದರ ತುದಿಯ ಮೇಲೆ ಲಂಬವಾಗಿ ಇಡಿ, ಎಲ್ ಅಕ್ಷರದಂತೆ. ಎರಡೂ ಸೇರಿದ ಚೌಕದಲ್ಲಿ ಸೀಮೆಸುಣ್ಣದಿಂದ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಅದರ ಮೇಲೆ ಸಣ್ಣ ಹೊಲಿಗೆ ಹಾಕಿ, ಎರಡು ಮಿಲಿಮೀಟರ್ ಸಾಕು. ಕಾಲಿಂಚು ಬಿಟ್ಟು ಉಳಿದದ್ದನ್ನು ಕತ್ತರಿಸಿ, ಹೊಲಿಗೆಯನ್ನು ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಮಾಡಿ. ಕತ್ತರಿಸುವ ಮೊದಲು ಒಮ್ಮೆ ಪಟ್ಟಿಯನ್ನು ಬಿಡಿಸಿ ನೋಡುವುದು ಒಳ್ಳೆಯದು. ಚೌಕದಲ್ಲಿ ಎರಡು ಓರೆಗಳಿವೆ, ತಪ್ಪು ಓರೆಯ ಮೇಲೆ ಹೊಲಿದರೆ ಪಟ್ಟಿ ಮುಂದಕ್ಕೆ ಹೋಗುವ ಬದಲು ಎಲ್ ಆಕಾರದಲ್ಲೇ ಉಳಿಯುತ್ತದೆ. ಇಪ್ಪತ್ತು ಕೂಡಿಕೆಯಲ್ಲಿ ಎರಡು ಮೂರು ಹೀಗಾಗುವುದು ಸಾಮಾನ್ಯ. ನೇರ ಕೂಡಿಕೆಯಲ್ಲಿ ಈ ತಲೆನೋವಿಲ್ಲ, ಆದರೆ ಹೊಲಿಗೆಯ ದಪ್ಪವೆಲ್ಲ ಒಂದೇ ಕಡೆ ಬರುತ್ತದೆ. ಬಿಡಿಸಿ ಇಸ್ತ್ರಿ ಮಾಡಿದರೂ ಒಂದು ಪದರ ಎರಡಾಗಿ, ಮಡಚಿದಾಗ ನಾಲ್ಕಾಗುತ್ತದೆ. ಒಂದೇ ಪಕ್ಕಕ್ಕೆ ಒತ್ತಿದರೆ ಆರು. ಬೆರಳಿಗೆ ಗಂಟು ಸಿಕ್ಕಂತಾಗುತ್ತದೆ. ಓರೆಯಲ್ಲಿ ಅದೇ ದಪ್ಪ ಎರಡೂವರೆ ಇಂಚಿನ ಉದ್ದಕ್ಕೆ ಹರಡಿಹೋಗುತ್ತದೆ. ಕೌದಿಯ ಒಡಲಲ್ಲಿ ಬಣ್ಣ ಬದಲಾಗುವ ಜಾಗಕ್ಕೆ ಸರಿಯಾಗಿ ಅಂಚಿನ ಬಣ್ಣವೂ ಬದಲಾಗಬೇಕು ಎನ್ನುವವರಿಗೆ ನೇರ ಕೂಡಿಕೆ ಬಿಟ್ಟು ದಾರಿಯಿಲ್ಲ. ಪಟ್ಟಿಯನ್ನು ಅಂಚಿಗಿಟ್ಟು, ಬದಲಾಗುವ ಕಡೆ ಗುಂಡುಸೂಜಿ ಚುಚ್ಚಿ, ಅಲ್ಲಿಂದ ಕಾಲಿಂಚು ಮುಂದೆ ಕತ್ತರಿಸಿ ಮುಂದಿನ ಬಣ್ಣ ಕೂಡಿಸುತ್ತಾ ಹೋಗಬೇಕು. ಒಂದೇ ಸಲಕ್ಕೆ ಪೂರ್ತಿ ಪಟ್ಟಿ ಮಾಡಿಟ್ಟುಕೊಂಡು ಕೂತರೆ ಎರಡನೇ ಬದಿಗೇ ಲೆಕ್ಕ ಜಾರುತ್ತದೆ.

ಕೌದಿಯ ಕಡೆಗೂ ಒಮ್ಮೆ ನೋಡಿ. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ 60ಕ್ಕೆ 90ರ ಕೌದಿಯಲ್ಲಿ ಎರಡೂ ಕಡೆ 108 ಇಂಚಿನಷ್ಟು ಬರಬೇಕು. ಒಂದು 107, ಇನ್ನೊಂದು 109 ಬಂದರೆ ಕೌದಿ ಓರೆಯಾಗಿದೆ, ಅಂಚು ಕಟ್ಟುವ ಮೊದಲೇ ನೆಟ್ಟಗೆ ಕತ್ತರಿಸಬೇಕು. ಕತ್ತರಿಸಿದ ತುದಿಯಿಂದ ಕಾಲಿಂಚು ಒಳಗೆ ಸುತ್ತಲೂ ಒಂದು ಹೊಲಿಗೆ ಹೊಡೆದು ಪದರಗಳನ್ನು ಹಿಡಿದಿಡಿ. ಇಲ್ಲದಿದ್ದರೆ ಪಟ್ಟಿ ಹೊಲಿಯುವಾಗ ಮೇಲಿನ ಸೀರೆ ಮುಂದೆ ಜಾರಿ ಕೊನೆಯ ಮೂಲೆಯಲ್ಲಿ ನೆರಿಗೆಯಾಗಿ ಕೂರುತ್ತದೆ.

ಹೊಲಿಯಲು ಕೂರುವ ಮೊದಲು ಕೂಡಿಸಿದ ಪಟ್ಟಿಯನ್ನು ಕೌದಿಯ ಸುತ್ತ ಹಾಸಿ ಒಂದು ಸುತ್ತು ನೋಡಿ. ಈ ಐದು ನಿಮಿಷ ಯಾರೂ ಬಿಡಬಾರದು. ಮೂಲೆಯಿಂದ ಆಚೆ ಈಚೆ ಮೂರು ಇಂಚಿನೊಳಗೆ ಕೂಡಿಕೆ ಬರಬಾರದು. ಮೂಲೆಯ ಮಡಿಕೆಯಲ್ಲಿ ಪಟ್ಟಿಯ ಎರಡು ಪದರ ತಾನಾಗಿಯೇ ಆರಾಗುತ್ತದೆ. ಅಲ್ಲೇ ಕೂಡಿಕೆಯೂ ಬಂದರೆ ಸೂಜಿ ಮುರಿಯುವುದು ಅಲ್ಲೇ, ಮುರಿಯದಿದ್ದರೆ ಮೂಲೆ ಬೋಂಡದಂತೆ ಉಬ್ಬುವುದು ಗ್ಯಾರಂಟಿ. ಶುರು ಮಾಡುವ ಜಾಗವನ್ನು ನಾಲ್ಕು ಇಂಚು ಆಚೆಗೆ ಸರಿಸಿದರೆ ಸಾಮಾನ್ಯವಾಗಿ ನಾಲ್ಕೂ ಮೂಲೆ ತಪ್ಪುತ್ತದೆ. ಒಂದು ಮೂಲೆ ತಪ್ಪಿ ಇನ್ನೊಂದರಲ್ಲಿ ಸಿಕ್ಕಿಬಿದ್ದರೆ ಆ ಒಂದು ತುಂಡನ್ನು ಚಿಕ್ಕದು ಮಾಡಿ. ಇದೇ ಹೊತ್ತಿಗೆ ಬಣ್ಣಗಳೂ ಕಣ್ಣಿಗೆ ಬೀಳುತ್ತವೆ: ಎರಡು ಹಳದಿ ಅಕ್ಕಪಕ್ಕ ಬಂದವೇ, ಗಾಢ ಬಣ್ಣವೆಲ್ಲ ಒಂದೇ ಬದಿಗೆ ಸೇರಿಕೊಂಡವೇ ಎಂದು.

ಮೆಷಿನ್ನಿಗೆ 16ನೇ ನಂಬರ್ ಸೂಜಿ, ದಪ್ಪ ಕೌದಿಗೆ 18. ಹೊಲಿಗೆ ಉದ್ದ ಮೂರು ಮಿಲಿಮೀಟರ್. ಬಟ್ಟೆ ಒತ್ತಿ ಹಿಡಿಯುವ ಫುಟ್ಟಿನ ಒತ್ತಡ ಒಂದೆರಡು ಸುತ್ತು ಸಡಿಲಿಸಿ. ಕೌದಿಯನ್ನು ಚಾಪೆಯಂತೆ ಸುತ್ತಿ ಎಡಕ್ಕೆ ಸ್ಟೂಲಿನ ಮೇಲಿಡಿ, ಅದರ ಭಾರ ಸೂಜಿಯನ್ನು ಎಳೆಯಬಾರದು. ಮಡಚಿದ ಪಟ್ಟಿಯ ಬಿಚ್ಚಿದ ಬದಿಯನ್ನು ಕೌದಿಯ ಮುಂಬದಿಯ ತುದಿಗೆ ಸೇರಿಸಿ, ಮೊದಲ ಹತ್ತು ಇಂಚು ಹೊಲಿಯದೆ ಬಾಲ ಬಿಟ್ಟು, ಮೂರು ನೂಲಿನ ಅಂತರದಲ್ಲಿ ಹೊಲಿಯುತ್ತಾ ಹೋಗಿ. ಮೂಲೆಗೆ ಮೂರು ನೂಲು ಇರುವಾಗ ನಿಲ್ಲಿಸಿ, ದಾರ ಕತ್ತರಿಸಿ. ಪಟ್ಟಿಯನ್ನು ಮೇಲಕ್ಕೆ ಓರೆಯಾಗಿ ಮಡಚಿ, ಮತ್ತೆ ಕೆಳಕ್ಕೆ ಇಳಿಸಿ. ಮೇಲಿನ ಮಡಿಕೆ ಈಗ ಹೊಲಿದು ಮುಗಿಸಿದ ಬದಿಯ ತುದಿಗೆ ಸರಿಯಾಗಿ ನಿಲ್ಲಬೇಕು. ಆ ತುದಿಯಿಂದಲೇ ಮತ್ತೆ ಶುರು. ಮೂಲೆ ಚೂಪಾಗದೆ ಬೋಳಾಗಿದ್ದರೆ ನೀವು ತಡವಾಗಿ ನಿಲ್ಲಿಸಿದ್ದೀರಿ, ಸಂದಿ ಬಾಯಿಬಿಟ್ಟಿದ್ದರೆ ಬೇಗ ನಿಲ್ಲಿಸಿದ್ದೀರಿ.

ಕೊನೆಗೆ ಎರಡೂ ಬಾಲ ಎದುರುಬದುರು ಬಂದಾಗ, ಒಂದರ ಮೇಲೊಂದು ಪಟ್ಟಿಯ ಅಗಲದಷ್ಟೇ, ಎರಡೂವರೆ ಇಂಚಷ್ಟೇ ಬರುವಂತೆ ಕತ್ತರಿಸಿ ಓರೆಯಾಗಿ ಕೂಡಿಸಿ. ಒಂದೇ ಬಟ್ಟೆಯ ಅಂಚಿನಲ್ಲಿ ಈ ಕೊನೆಯ ಕೂಡಿಕೆ ಎಷ್ಟು ಅಡಗಿಸಿದರೂ ಕಾಣುತ್ತದೆ. ಹಲವು ಬಟ್ಟೆಯ ಅಂಚಿನಲ್ಲಿ ಶುರುವಿಗೆ ಒಂದು ಬಣ್ಣ, ಕೊನೆಗೆ ಬೇರೆ ಬಣ್ಣ ಇಟ್ಟುಕೊಂಡರೆ ಇಪ್ಪತ್ತರಲ್ಲಿ ಇದೂ ಒಂದು ಕೂಡಿಕೆಯಾಗಿ ಕರಗಿಹೋಗುತ್ತದೆ. ಹಿಂಬದಿಗೆ ಕೈಹೊಲಿಗೆಯೇ ಚಂದ. ಜೇನುಮೇಣ ಸವರಿದ ಹತ್ತಿ ದಾರ, ಕಾಲಿಂಚಿಗೆ ಒಂದು ಹೊಲಿಗೆ. ಬಣ್ಣ ಬದಲಾದಲ್ಲೆಲ್ಲ ದಾರ ಬದಲಿಸುವ ಶಿಕ್ಷೆ ಬೇಡ. ಬೂದುಬಣ್ಣದ ದಾರ ಹಸಿರು, ನೀಲಿ, ಕೆಂಪು ಎಲ್ಲದರಲ್ಲೂ ಅಡಗುತ್ತದೆ. ತಿಳಿಹಳದಿ, ಬಿಳಿ ತುಂಡುಗಳೇ ಹೆಚ್ಚಿದ್ದರೆ ಮಾತ್ರ ಕೆನೆಬಣ್ಣದ ದಾರ ಹಿಡಿಯಿರಿ.

ಸೀರೆಯ ಅಂಚನ್ನೇ ಕೌದಿಯ ಅಂಚು ಮಾಡುವವರಿಗೆ ಬೇರೆ ಕ್ರಮವಿದೆ. ಸೀರೆ ಅಂಚಿಗೆ ಒಂದು ಬದಿ ದಡಿ ಇರುವುದರಿಂದ ಅದನ್ನು ಎರಡಾಗಿ ಮಡಚಬೇಕಿಲ್ಲ. ಬಿಚ್ಚಿದ ಬದಿಯನ್ನು ಕೌದಿಯ ಹಿಂದೆ ಹೊಲಿದು, ದಡಿಯ ಬದಿಯನ್ನು ಮುಂದಕ್ಕೆ ತಂದು ಹೊಲಿದರೆ ಸೀರೆ ಅಂಚಿನ ಗೋಪುರ, ರುದ್ರಾಕ್ಷಿ ವಿನ್ಯಾಸವೆಲ್ಲ ಮುಂದೆಯೇ ಕಾಣುತ್ತದೆ. ಉದ್ದದ ಎರಡು ಬದಿಗೆ ಸೀರೆ ಅಂಚು, ಅಗಲದ ಬದಿಗಳಿಗೆ ಸಾದಾ ಬಟ್ಟೆ ಎಂದಾದರೆ ಮೂಲೆಯನ್ನು ಓರೆ ಮಡಚುವ ಗೋಜೇ ಬೇಡ. ಉದ್ದದ ಬದಿಗಳನ್ನು ಮೊದಲು ಮುಗಿಸಿ. ಅಗಲದ ಪಟ್ಟಿಯನ್ನು ಎರಡೂ ತುದಿಗೆ ಅರ್ಧರ್ಧ ಇಂಚು ಹೆಚ್ಚಿಗೆ, ಅಂದರೆ 61 ಇಂಚು ಇಟ್ಟು, ತುದಿಗಳನ್ನು ಒಳಕ್ಕೆ ಮಡಚಿ ತಿರುಗಿಸಿ ಹೊಲಿಯಿರಿ. ಪಟ್ಟಿಯ ಉದ್ದಕ್ಕೆ ಕೌದಿಯ ನಡುಭಾಗದ ಅಳತೆ ಹಿಡಿಯಬೇಕು, ತುದಿಯದ್ದಲ್ಲ. ತುದಿ ಎಳೆದಾಡಿ ಹಿಗ್ಗಿರುತ್ತದೆ. ಜರಿ ಅಂಚು ಮಕ್ಕಳ ಕೌದಿಗೆ ಬೇಡವೇ ಬೇಡ. ಕೆನ್ನೆಗೆ ಗೀರುತ್ತದೆ, ಪ್ಲಾಸ್ಟಿಕ್ ಜರಿ ಇಸ್ತ್ರಿಗೆ ಕರಗುತ್ತದೆ.

ಎರಡು ಬಟ್ಟೆಯಲ್ಲಿ ತೆಳು ಗೆರೆಯ ಅಂಚು ಬೇಕೆನ್ನುವವರಿಗೆ ಇನ್ನೊಂದು ವಿಧಾನ. ಮುಖ್ಯ ಬಣ್ಣ ಒಂದೂವರೆ ಇಂಚು, ಗೆರೆಯ ಬಣ್ಣ ಒಂದೂಮುಕ್ಕಾಲು ಇಂಚು ಕತ್ತರಿಸಿ, ಉದ್ದಕ್ಕೂ ಕಾಲಿಂಚಿನಲ್ಲಿ ಕೂಡಿಸಿ, ಹೊಲಿಗೆಯನ್ನು ಮುಖ್ಯ ಬಣ್ಣದ ಕಡೆಗೆ ಒತ್ತಿ ಇಸ್ತ್ರಿ ಮಾಡಿ. ಎರಡೂಮುಕ್ಕಾಲು ಇಂಚಿನ ಪಟ್ಟಿಯಾಯಿತು. ಎರಡಾಗಿ ಮಡಚಿದರೆ ಒಂದು ಮುಖದಲ್ಲಿ ಮುಖ್ಯ ಬಣ್ಣದ ಪಕ್ಕಕ್ಕೆ ಒಂದು ನೂಲಿನಷ್ಟು ಗೆರೆ ಇಣುಕುತ್ತದೆ, ಇನ್ನೊಂದು ಮುಖ ಪೂರ್ತಿ ಗೆರೆಯ ಬಣ್ಣ. ಇದನ್ನು ಮೊದಲು ಕೌದಿಯ ಹಿಂದೆ ಹೊಲಿಯಬೇಕು, ಪೂರ್ತಿ ಗೆರೆಯ ಬಣ್ಣದ ಮುಖ ಮೇಲಿರಬೇಕು. ಮುಂದಕ್ಕೆ ತಿರುಗಿಸಿದಾಗ ಅಡಿಯಲ್ಲಿದ್ದ ಮುಖ ಹೊರಬಂದು ಗೆರೆ ಕಾಣುತ್ತದೆ. ಮುಖ ಅದಲು ಬದಲಾದರೆ ಇಡೀ ಅಂಚು ಒಂದೇ ಬಣ್ಣವಾಗಿ ಕಾಣುತ್ತದೆ, ಬಿಚ್ಚದೆ ಬೇರೆ ದಾರಿಯಿಲ್ಲ. ಕೊನೆಯ ಹೊಲಿಗೆ ಎರಡು ಬಣ್ಣ ಕೂಡುವ ಸಂದಿಯಲ್ಲಿ, ಗೆರೆಯ ಬಣ್ಣದ ದಾರದಲ್ಲಿ. ಇಲ್ಲಿ ಕೈಹೊಲಿಗೆ ಬೇಡ, ಮೆಷಿನ್ನೇ ಸಾಕು.

ಅಂಚುಪಟ್ಟಿಯೇ ಇಲ್ಲದ ಕೌದಿಯೂ ನಮ್ಮ ನಾಡಿನಲ್ಲೇ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊರ ಅಂಚಿನಿಂದ ಶುರುಮಾಡಿ, ಬಟ್ಟೆ ಒಳಕ್ಕೆ ಮಡಚಿ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿದ ಹೂವು ಕೂರಿಸುತ್ತಾರೆ. ಅಂಚಿನ ಲೆಕ್ಕ ತಲೆಗೆ ಹತ್ತದವರು ಆ ದಾರಿ ಹಿಡಿಯಬಹುದು. ಆದರೆ ಅದನ್ನು ಅರ್ಧ ಮುಗಿದ ಕೌದಿಗೆ ಹಚ್ಚಲಾಗದು, ಮೊದಲ ಹೊಲಿಗೆಯಿಂದಲೇ ಹಾಗೆ ನಡೆಯಬೇಕು.

ಹಲವು ಬಟ್ಟೆಯ ಅಂಚಿಗೆ ನಾವು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣ ರಿಪೇರಿ. ತಲೆಯ ಕಡೆಯ ಅಂಚು ಬೇಗ ಜಿಡ್ಡಾಗುತ್ತದೆ, ಬೇಗ ಸವೆಯುತ್ತದೆ. ಒಂದೇ ಬಟ್ಟೆಯ ಅಂಚಾದರೆ ಅಲ್ಲಿ ಹಾಕಿದ ತೇಪೆ ಎದ್ದು ಕಾಣುತ್ತದೆ. ಇಲ್ಲಿ ಹಾಳಾದ ತುಂಡಿನ ಎರಡೂ ಕಡೆ ಮೂರು ಮೂರು ಇಂಚು ಹೊಲಿಗೆ ಬಿಚ್ಚಿ, ಅದನ್ನು ಕತ್ತರಿಸಿ ತೆಗೆದು, ಹೊಸ ತುಂಡನ್ನು ನೇರ ಕೂಡಿಕೆಯಲ್ಲಿ ಸೇರಿಸಿದರೆ ಮುಗಿಯಿತು. ಹೊಸ ತುಂಡನ್ನು ತೆಗೆದ ಜಾಗಕ್ಕಿಂತ ಒಂದು ಇಂಚು ಉದ್ದವಾಗಿ ಕತ್ತರಿಸಿ, ಎರಡು ತುದಿಯ ಹೊಲಿಗೆಗೆ ಅರ್ಧರ್ಧ ಇಂಚು ಹೋಗುತ್ತದೆ.

ಕೊನೆಗೆ ಒಂದು ಕೋರಿಕೆ. ಮುಂದೆ ಪುರವಣಿಯಲ್ಲಿ ಕೌದಿಯ ಬಗ್ಗೆ ಬರೆಸುವಾಗ ಮೂಲೆಯ ಮಡಿಕೆಗೂ ಓರೆ ಕೂಡಿಕೆಗೂ ಚಿತ್ರ ಹಾಕಿಸಿ, ಪಟ್ಟಿಯ ಅಗಲವನ್ನು ಅಂಕಿಯಲ್ಲೇ ಕೊಡಿಸಿ. ತಾಲ್ಲೂಕುಗಳಲ್ಲಿ ನಡೆಯುವ ಹೊಲಿಗೆ ತರಬೇತಿಗಳಲ್ಲಿ ರವಿಕೆ, ಚೂಡಿದಾರಕ್ಕೆ ವಾರಗಟ್ಟಲೆ ಸಮಯವಿದೆ, ಇದಕ್ಕೆ ಅರ್ಧ ದಿನ ಕೊಟ್ಟರೂ ಸಾಕು. ಮತ್ತೆ ಈಗಾಗಲೇ ಅಂಚು ಕಟ್ಟಿ ಮುಗಿಸಿದವರಿಗೆ: ಉಳಿದ ಪಟ್ಟಿಯನ್ನು ಪೆಟ್ಟಿಗೆಯಲ್ಲಿ ಹೊಸದಾಗಿ ಇಡಬೇಡಿ. ಕೌದಿ ಒಗೆಯುವಾಗಲೆಲ್ಲ ಅದರ ಜೊತೆಗೇ ಒಗೆದು, ಅದೇ ಬಿಸಿಲಿಗೆ ಹಾಕಿ. ಐದು ವರ್ಷದ ಮೇಲೆ ತುಂಡು ಬದಲಿಸುವ ದಿನ ಬಂದಾಗ ಅದೂ ಅಂಚಿನಷ್ಟೇ ಮಾಸಿರುತ್ತದೆ.

ಇಂತು,
ಕೌದಿ ಹೊಲಿಯುವ ಕೆಲವರು,
ಚಿಕ್ಕಮಗಳೂರು